ಚೆನ್ನಾಜಕ್ಕನ ತುಂಬುತೋಳಿನ ರವಿಕೆ

ನಮ್ಮ ಊರಲ್ಲಿ ನಾಯಿ ಯಾರದು ಅಂತ ಯಾರೂ ಕೇಳುವುದಿಲ್ಲ, ಯಾರಿಗೆ ಕಚ್ಚಿದೆ ಅಂತ ಕೇಳುತ್ತಾರೆ. ಕಚ್ಚಿದ ಮೇಲೆ ಆ ನಾಯಿ ಕಚ್ಚಿಸಿಕೊಂಡವರದ್ದೇ. ಸಾಕಿದವರು ಹಾಲೇ ಹಾಕಿರಲಿ, ಮಾಂಸವೇ ಹಾಕಿರಲಿ, ಇನ್ನೊಬ್ಬರಿಗೆ ಹಲ್ಲು ಊರಿದ ಮರುಗಳಿಗೆ ಅದು ಅವರ ಹಿಂದೆ ಬಾಲ ಅಲ್ಲಾಡಿಸಿಕೊಂಡು ಹೊರಟುಬಿಡುತ್ತದೆ. ಹಳೆಯ ಮನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಿಮ್ಮ ಕಡೆ ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡುತ್ತೀರಂತೆ. ನಾವೂ ಓಡುತ್ತೇವೆ, ಸೂಜಿ ಹಾಕಿಸಿಕೊಳ್ಳುತ್ತೇವೆ, ಬರುವಾಗ ನಾಯಿಗೆ ಅಂತ ಒಂದು ಬ್ರೆಡ್ಡೂ ತರುತ್ತೇವೆ. ಅಷ್ಟೇ ವ್ಯತ್ಯಾಸ.

ಇದಕ್ಕೆಲ್ಲ ನಾವು ಎಂದೋ ಹೊಂದಿಕೊಂಡಿದ್ದೇವೆ. ಕಜ್ಜಿ ನಾಯಿ ಎದುರಾದರೆ ಎಂಥ ಗಟ್ಟಿ ಗಂಡಸೂ ಪಂಚೆ ಎತ್ತಿಕೊಂಡು ಓಡುತ್ತಾನೆ. ನೋವಿನ ಭಯಕ್ಕಲ್ಲ, ಆಮೇಲೆ ಜೀವಮಾನವೆಲ್ಲ ಅದಕ್ಕೆ ಬೇವಿನೆಣ್ಣೆ ಹಚ್ಚಬೇಕಲ್ಲ ಅಂತ. ಅದೇ ಚೆಂದದ ನಾಯಿ ಕಂಡರೆ ಅವನೇ ಮೊಣಕೈ ಮುಂದೆ ಮಾಡಿಕೊಂಡು, ಏನೂ ತಿಳಿಯದವನ ಹಾಗೆ ಅದರ ಪಕ್ಕದಲ್ಲೇ ಸುಳಿದಾಡುತ್ತಾನೆ. ಕಾವಲಿಗೆ ನಾಯಿ ಸಾಕುವ ದಡ್ಡತನವನ್ನು ಇಲ್ಲಿ ಯಾರೂ ಮಾಡುವುದಿಲ್ಲ. ಕಳ್ಳನಿಗೆ ಕಚ್ಚಿದರೆ ಕಳ್ಳನ ಹಿಂದೆಯೇ ಹೋಗಿಬಿಡುತ್ತದೆ. ಹಾಗಂತ ಕಳ್ಳನಿಗೂ ಸುಖವಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಸಾಹುಕಾರರ ಮನೆಯ ನಾಯಿ ಅವನ ಜಗಲಿಯ ಮೇಲೆ ಕೂತಿರುತ್ತದೆ, ಪೊಲೀಸರಿಗೆ ಬೇರೆ ಸಾಕ್ಷಿಯೇ ಬೇಡ.

ನಾನು ಈ ಊರಿನ ದರ್ಜಿ, ಹೆಸರು ಪದ್ದಮ್ಮ. ಸಂತೆಬೀದಿಯಲ್ಲಿ ಹಿಟ್ಟಿನ ಗಿರಣಿಗೆ ಅಂಟಿಕೊಂಡಿರುವ ಅಂಗಡಿ ನನ್ನದು. ಬೇರೆ ಊರಿನ ದರ್ಜಿಗಳಿಗೆ ಬಾರದ ಕೆಲಸವೊಂದು ನನಗೆ ಬರುತ್ತದೆ, ಗಾಯಕ್ಕೆ ಕಿಟಕಿ ಇಡುವುದು. ಯಾರಿಗೆ ಎಲ್ಲಿ ಕಚ್ಚಿದೆಯೋ ಅಲ್ಲಿ ಬಟ್ಟೆಯನ್ನು ಎಲೆಯಾಕಾರಕ್ಕೆ ಕತ್ತರಿಸಿ, ಸುತ್ತ ಪೈಪಿಂಗ್ ಕೊಟ್ಟು, ಗಾಯದ ಗುರುತು ನಾಲ್ಕು ಜನಕ್ಕೆ ಕಾಣುವ ಹಾಗೆ ಹೊಲಿಯುತ್ತೇನೆ. ನಾಯಿ ಇರುವವರಿಗೆ ಅದು ಒಡವೆ ಇದ್ದ ಹಾಗೆ. ಮದುವೆಗೆ ಹೊರಟವರು ಕಿಟಕಿಗೆ ಜರಿ ಅಂಚು ಬೇಕು ಅನ್ನುತ್ತಾರೆ. ಕೂರುವ ಜಾಗಕ್ಕೆ ಕಚ್ಚಿಸಿಕೊಂಡವರ ಪಾಡು ಮಾತ್ರ ಯಾರಿಗೂ ಬೇಡ. ನಾಯಿ ಒಳ್ಳೆಯ ಜಾತಿಯದೇ ಇರುತ್ತದೆ, ಪಾಪ, ತೋರಿಸಿ ಮೆರೆಯುವ ಹಾಗಿಲ್ಲ. ನನಗೆ ಬೀದಿನಾಯಿಯೊಂದು ಹಿಮ್ಮಡಿಗೆ ಬಾಯಿ ಹಾಕಿ ನನ್ನದಾಯಿತು. ಪದ್ದಮ್ಮ ಸೀರೆ ಎತ್ತಿ ಉಡುತ್ತಾಳೆ ಅಂತ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಗಿರಣಿಯ ಚೆನ್ನಾಜಮ್ಮನ ವಿಚಾರ ಬೇರೆ. ನನಗಿಂತ ದೊಡ್ಡವಳು, ಅಕ್ಕ ಅಂತಲೇ ನಾನು ಕರೆಯುವುದು. ಗಂಡ ಅನ್ನಿಸಿಕೊಂಡವನು ಮದುವೆಯಾದ ಹೊಸತರಲ್ಲೇ ಪರಸ್ಥಳಕ್ಕೆ ಹೋಗಿ ಇನ್ನೊಂದು ಸಂಸಾರ ಹೂಡಿದ. ಅಕ್ಕ ಅಳುತ್ತ ಕೂರದೆ ಗಿರಣಿಯ ಬೆಲ್ಟು ಬಿಗಿ ಮಾಡಿಸಿದಳು, ಮೋಟರು ಹಾಕಿದಳು. ಒಂದು ದಿನ ಯಾವುದೋ ಲಾರಿಯವರು ಗೋಧಿ ಮೂಟೆಯ ಜೊತೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ಇಳಿಸಿ ಹೋದರು. ಅದರಲ್ಲಿದ್ದ ಮರಿ ತೆವಳಿಕೊಂಡು ಹೋಗಿ, ಯಾರೋ ಒಬ್ಬಟ್ಟಿಗೆ ಅಂತ ಬೀಸಿಸಿ ಇಟ್ಟಿದ್ದ ಹಿಟ್ಟಿನ ಡಬ್ಬಿಗೆ ಬಿತ್ತು. ಎತ್ತಿದಾಗ ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಬಿಳಿ. ಅವತ್ತೇ ಅದಕ್ಕೆ ಒಬ್ಬಟ್ಟು ಅಂತ ಹೆಸರಾಯಿತು. ಬೆಳೆಯುತ್ತ ಬೆಳೆಯುತ್ತ ಅದರ ಜಾತಿ ತಿಳಿದು ಬೀದಿಯವರು ಎದೆ ಹಿಡಿದುಕೊಂಡರು. ಒಲೆಯ ಬಾಯಿಯಷ್ಟು ಅಗಲದ ಬಾಯಿ. ಕತ್ತು ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗದು. ಅದು ಆಕಳಿಸಿದರೆ ರಾಗಿ ಬೀಸಿಸಲು ಬಂದವರು ಡಬ್ಬಿ ಸಮೇತ ಹಿಂದೆ ಸರಿಯುತ್ತಿದ್ದರು.

ಮರಿಯಾಗಿದ್ದಾಗಲೇ ಅದು ಅಕ್ಕನ ಕೈಗೆ ಬಾಯಿ ಹಾಕಿದೆ ಅಂತ ಎಲ್ಲರೂ ತಿಳಿದೆವು. ಯಾಕೆಂದರೆ ಆ ವರ್ಷದಿಂದಲೇ ಅವಳು ತುಂಬುತೋಳಿನ ರವಿಕೆ ತೊಡಲು ಶುರು ಮಾಡಿದ್ದು. ಒಳಗೆ ಮೋಟರಿನ ಧಗೆ, ಹೊರಗೆ ಬೇಸಿಗೆಯ ಸೆಕೆ, ಆದರೂ ಮಣಿಕಟ್ಟಿನವರೆಗೆ ಬಟ್ಟೆ. ಅಳತೆಯನ್ನೂ ತೊಟ್ಟ ರವಿಕೆಯ ಮೇಲೇ ಕೊಡುತ್ತಿದ್ದಳು. "ಒಂದು ಕಿಟಕಿ ಇಡಲಾ ಅಕ್ಕ, ಚೆನ್ನಾಗಿ ಕಾಣುತ್ತೆ" ಅಂದರೆ, "ನೋಡ್ದೋರು ಎದೆ ಒಡ್ಕಂಡು ಸತ್ತಾರು, ಸುಮ್ನೆ ಹೊಲಿ" ಅನ್ನುತ್ತಿದ್ದಳು. ನಮ್ಮ ಜನಕ್ಕೆ ಅಷ್ಟು ಸಾಕು. ಆ ಕಾಣದ ಗಾಯ ಊರಿನವರ ಬಾಯಲ್ಲಿ ಮೊಣಕೈಯಿಂದ ಭುಜಕ್ಕೆ ಏರಿತು. ಒಬ್ಬರು ಮೂಳೆ ಕಾಣುತ್ತದೆ ಅಂದರು, ಇನ್ನೊಬ್ಬರು ಅಲ್ಲಿ ಮಾಂಸವೇ ಇಲ್ಲ, ಬರೀ ಗುಳಿ ಅಂದರು. ಅಂಥ ಗಾಯ ನುಂಗಿಕೊಂಡು ಕೂತ ಹೆಂಗಸಿನ ಹತ್ತಿರ ಜಗಳ ತೆಗೆಯುವ ಧೈರ್ಯ ಯಾರಿಗಿದೆ? ಹಬ್ಬದ ಹಿಂದಿನ ದಿನವೂ ಗಿರಣಿಯ ಸಾಲಿನಲ್ಲಿ ನೂಕಾಟ ಇರುತ್ತಿರಲಿಲ್ಲ.

ಹೀಗೆ ನೆಮ್ಮದಿಯಾಗಿದ್ದ ಊರನ್ನು ಕೆಡಿಸಿದವನು ಸೈಕಲ್ ಶಾಪಿನ ಈರಭದ್ರ. ಹೊಸದಾಗಿ ಬಂದು ನೆಲೆಸಿದ ಗುತ್ತಿಗೆದಾರರೊಬ್ಬರ ಹತ್ತಿರ ಒಂದು ರಾಟ್‌ವೀಲರ್ ಜಾತಿಯ ನಾಯಿ ಇತ್ತು, ಇವನಿಗೆ ಅದರ ಮೇಲೆ ಕಣ್ಣು. ಗೇಟಿನ ಸಂದಿಯಲ್ಲಿ ಕೈ ತೂರಿಸಿ, "ಬಾ ರಾಜ, ಒಂಚೂರು ಕಚ್ಚು" ಅಂತ ಬೆರಳಾಡಿಸಿದ. ಒಂಚೂರು ಅನ್ನುವುದು ಆ ಜಾತಿಗೆ ಗೊತ್ತಿಲ್ಲ. ಮೂಳೆ ಲಟಕ್ಕಂದ ಸದ್ದು ನನ್ನ ಅಂಗಡಿಗೆ ಕೇಳಿಸಿತು ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಕೇಳಿಸಿದ್ದು ಅವನ ಕೂಗು. ಆಸ್ಪತ್ರೆಯಿಂದ ಪಟ್ಟಿ ಹಾಕಿಸಿಕೊಂಡು ಹೊರಬಂದಾಗ ಅವನ ಮುಖ ಸುಣ್ಣ ಬಳಿದ ಹಾಗಿತ್ತು. ಆದರೂ ಹಿಂದೆ ಬಾಲ ಅಲ್ಲಾಡಿಸಿಕೊಂಡು ಬರುತ್ತಿದ್ದ ರಾಜನನ್ನು ತಿರುಗಿ ತಿರುಗಿ ನೋಡಿ ನಗುತ್ತಿದ್ದ. ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. "ಚೆನ್ನಾಗಿದೆ ನಿಮ್ಮ ಯಾಪಾರ. ಇನ್ಮೇಲೆ ಪಂಚರ್ ಹಾಕೋದು ನಾಯಿನಾ?" ಅಂದಳು.

ಮಾರನೆಯ ದಿನವೇ ಪುರಸಭೆಯಲ್ಲಿ ಸಭೆ ಸೇರಿತು. ಕೆಲವು ಜಾತಿಯ ನಾಯಿಗಳನ್ನು ಮನೆಯಲ್ಲಿ ಸಾಕಬಹುದೋ ಬಾರದೋ ಅನ್ನುವುದೇ ವಿಷಯ. ಅಧ್ಯಕ್ಷ ಶೇಷಗಿರಿಯಪ್ಪನವರು ಮಡಿಲಲ್ಲಿ ತಮ್ಮ ಮುದ್ದುವನ್ನು ಕೂರಿಸಿಕೊಂಡು ಬಂದಿದ್ದರು. ಮುದ್ದು ಅಂದರೆ ಬಿಳಿಯ ಪಾಮರೇನಿಯನ್, ಉಣ್ಣೆಯ ಉಂಡೆಯಷ್ಟೇ ಇರುವುದು. ಕಂಡಕಂಡವರಿಗೆ ಕಚ್ಚಿ, ಕಚ್ಚಿಸಿಕೊಂಡವರ ಮನೆ ಸೇರಿ, ಅರ್ಧ ಊರಿನ ಅನ್ನ ತಿಂದು ಬಂದ ಪ್ರಾಣಿ. ಬಿಟ್ಟಿರಲಾರದೆ ಅಧ್ಯಕ್ಷರು ಪ್ರತಿಸಲವೂ ಹೊಸ ಯಜಮಾನರ ಮನೆಗೆ ಹೋಗಿ, ಕಾಫಿ ಕುಡಿಯುವ ನೆಪದಲ್ಲಿ ಕೈ ಕೊಟ್ಟು, ಮತ್ತೆ ಕಚ್ಚಿಸಿಕೊಂಡು ಕರೆತರುತ್ತಿದ್ದರು. ನಾನು ಅವರ ತೋಳುಗಳಿಗೆ ಇಟ್ಟ ಕಿಟಕಿಗಳನ್ನು ನೋಡಿದರೆ ಅದು ಅಂಗಿಯೋ ಜಾಲರಿಯೋ ಅನ್ನಿಸಬೇಕು.

"ಕೆಲವು ಜಾತಿ ನಾಯಿಗಳು ಮನೇಲಿ ಇಟ್ಕೊಳ್ಳೋಕೆ ಆದದ್ದಲ್ಲ," ಅಂದರು ಅಧ್ಯಕ್ಷರು. "ಈರಭದ್ರನ ಕೈ ನೋಡಿ, ಇನ್ನೇನ್ ಸಾಕ್ಷಿ ಬೇಕು?"

"ಜಾತಿ ಏನ್ ಮಾಡ್ತು ಸ್ವಾಮಿ, ಸಾಕೋದ್ರಲ್ಲಿದೆ ಎಲ್ಲ" ಅಂತ ಯಾರೋ ಹಿಂದಿನಿಂದ ಅಂದರು. "ಎಷ್ಟು ಚೆನ್ನಾಗಿ ಸಾಕಿದ್ರೂ ಹಲ್ಲು ಹಲ್ಲೇ ತಾನೆ?" ಅಂತ ಇನ್ನೊಬ್ಬರು ಎದ್ದರು. ಗಲಾಟೆಯಾಯಿತು. ನನ್ನ ಬಾಯಿ ಸುಮ್ಮನಿರುತ್ತದೆಯೇ? "ಕಚ್ಚೋದ್ರಲ್ಲಿ ನಿಮ್ಮ ಮುದ್ದುನ ಮೀರಿಸಿದ್ದು ಊರಲ್ಲಿ ಯಾವ್ದೂ ಇಲ್ವಲ್ಲ ಸ್ವಾಮಿ" ಅಂದೆ. ಅಧ್ಯಕ್ಷರು ಮುದ್ದುವಿನ ಕಿವಿ ಮುಚ್ಚಿ, "ಪದ್ದಮ್ಮ, ಅದು ಕಚ್ಚೋದಲ್ಲ, ಮುತ್ತು ಕೊಡೋದು" ಅಂದರು. "ಮುತ್ತುಗಳನ್ನೆಲ್ಲ ನಾನೇ ತಾನೆ ಕತ್ತರಿಸಿ ಹೊಲಿಯೋದು" ಅಂದೆ. ಸಭೆ ಗೊಳ್ಳೆಂದಿತು. ನಗಾಡಿದೆ ನಿಜ. ಆದರೆ ಈರಭದ್ರನ ಕೈ ನೋಡಿದ ಮೇಲೆ ನನಗೂ ಯೋಚನೆ ಹತ್ತಿತ್ತು. ಮುದ್ದು ಕಚ್ಚಿದರೆ ಅರಿಶಿನ ಹಚ್ಚಿದರಾಯಿತು, ಅಂಥ ಬಾಯಿ ಮಗುವಿನ ಕತ್ತಿಗೆ ಬಿದ್ದರೆ ಏನು ಗತಿ? ಅಧ್ಯಕ್ಷರ ಮಾತು ತೀರಾ ತೆಗೆದುಹಾಕುವಂಥದ್ದಾಗಿರಲಿಲ್ಲ.

ಯಾವ ಜಾತಿ ಅಪಾಯ ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಜಾತಿಗಳ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಕೊನೆಗೆ ಅಧ್ಯಕ್ಷರು ಮೇಜಿನ ಮೇಲೆ ಯಾರೋ ತಂದಿಟ್ಟಿದ್ದ ಚಕ್ಕೋತದ ಹಣ್ಣನ್ನು ಎತ್ತಿ ಹಿಡಿದರು. "ಈ ಹಣ್ಣು ಇಡಿಯಾಗಿ ಯಾವ ನಾಯಿ ಬಾಯಿಗೆ ಹಿಡಿಯುತ್ತೋ ಅದು ಅಪಾಯದ ಜಾತಿ. ಊರಲ್ಲಿ ಇರಕೂಡದು" ಅಂದರು. ಈರಭದ್ರ ಮುರಿದ ಕೈಯನ್ನೇ ಎತ್ತಿ ಬೊಬ್ಬೆ ಹಾಕಿದ. "ಏನ್ ಸ್ವಾಮಿ, ಮೂಳೆ ಮುರ್ಕಂಡು ತಂದಿದೀನಿ, ಈಗ ಬಿಡು ಅಂದ್ರೆ?" ಅಧ್ಯಕ್ಷರು ಯೋಚಿಸಿ ಅದಕ್ಕೂ ದಾರಿ ಹುಡುಕಿದರು. ಯಾರಿಗೆ ಆಗಲೇ ಕಚ್ಚಿದೆಯೋ ಅವರು ಗಾಯ ತೋರಿಸಿ ನಾಯಿ ಇಟ್ಟುಕೊಳ್ಳಬಹುದು, ಕಚ್ಚುವುದು ಕಚ್ಚಿ ಮುಗಿಯಿತಲ್ಲ. ಇನ್ನೂ ಯಾರಿಗೂ ಕಚ್ಚದೇ ಇರುವುದೇ ನಿಜವಾದ ಅಪಾಯ, ಅದರ ಕಚ್ಚು ಇನ್ನೂ ಬಾಕಿ ಇದೆ. ಅಂಥದ್ದನ್ನು ಹೊಳೆಯಾಚೆ ಇಟ್ಟಿಗೆ ಗೂಡಿನವರಿಗೆ ಕೊಟ್ಟುಬಿಡುವುದು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಗ ಅದು ಸರಿಯಾಗಿಯೇ ಕಂಡಿತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಬರುವಾಗ ಜನ ಚೆನ್ನಾಜಕ್ಕನನ್ನು ಸುತ್ತಿಕೊಂಡರು. "ನಿಮಗೇನವ್ವ ಯೋಚ್ನೆ, ಊರಿಗೇ ದೊಡ್ಡ ಗಾಯ ನಿಮ್ದು. ಆಯ್ತವಾರ ಸಂತೆ ಮಾಳದಲ್ಲಿ ಒಂದ್ಸಲ ತೋರಿಸ್ಬಿಡಿ, ನಾವೂ ನೋಡ್ದಂಗಾಯ್ತದೆ" ಅಂದರು. ಅಕ್ಕ ಸೆರಗು ಹೊದ್ದುಕೊಂಡು ನಡೆದಳು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಅಂಗಡಿಗೆ ಬಂದಳು. ಒಬ್ಬಟ್ಟುವೂ ಹಿಂದೆಯೇ ಬಂದು ಮಿಷನ್ನಿನ ಕೆಳಗೆ ಬಟ್ಟೆ ಚೂರುಗಳ ಮೇಲೆ ಉರುಳಿತು. ಅಕ್ಕ ಬಾಗಿಲು ಹಾಕಿ ಚಿಲಕ ಇಟ್ಟಳು. "ಪದ್ದಿ, ಯಾರಿಗೂ ಹೇಳ್ಬೇಡ" ಅಂದವಳೇ ಬಲತೋಳಿನ ಗುಂಡಿ ಬಿಚ್ಚಿ ಭುಜದವರೆಗೂ ಮಡಚಿದಳು. ನಾನು ಗಟ್ಟಿ ಮನಸ್ಸು ಮಾಡಿಕೊಂಡು ನೋಡಿದೆ. ಏನೂ ಇರಲಿಲ್ಲ. ಎಡತೋಳನ್ನೂ ಮಡಚಿದಳು. ಅಲ್ಲೂ ಇಲ್ಲ. ಬಿಸಿಲು ಕಾಣದ ಆ ಕೈಗಳು ಎಳೆಮಗುವಿನ ಕೈಯ ಹಾಗೆ ನುಣ್ಣಗಿದ್ದವು.

"ಮತ್ತೆ ಎಲ್ಲಿಗೆ ಕಚ್ಚಿದೆ ಅಕ್ಕ?" ಅಂದೆ, ಬೆಪ್ಪಳ ಹಾಗೆ.

"ಎಲ್ಲಿಗೂ ಇಲ್ಲ ಕಣೆ. ಮರಿ ಆಗಿದ್ದಾಗ್ಲಿಂದ ಕಾಯ್ತಾ ಇದೀನಿ. ಹಲ್ಲು ಬಂದಾಗ ಬೆರಳು ಕೊಟ್ಟೆ, ಚೀಪ್ದ. ನನಗೂ ಕಚ್ಚಿಲ್ಲ, ಇನ್ಯಾರಿಗೂ ಕಚ್ಚಿಲ್ಲ. ಅದು ಯಾರಿಗೂ ಗೊತ್ತಾಗ್ಬಾರ್ದು ಅಂತ ತೋಳು ಮುಚ್ಕಂಡೆ." ಅವಳು ನೆಲದ ಮೇಲೆ ಕೂತುಬಿಟ್ಟಳು. "ಕಚ್ಚಿಸಿಕೊಂಡೋರಿಗೆಲ್ಲ ಒಂದು ಗ್ಯಾರಂಟಿ ಐತೆ, ನಂಗೇನೈತೆ? ತಾಳಿ ಕಟ್ಟಿದೋನೇ ನಿಲ್ಲಲಿಲ್ಲ, ಕಚ್ಚದೇ ಇರೋನು ನಿಲ್ತಾನಾ? ದಿನಾ ಬೆಳಗ್ಗೆ ಕಣ್ಣು ಬಿಡೋಕೆ ಭಯ ಪದ್ದಿ. ಇವತ್ತು ಹೋಗಿರ್ತಾನೆ, ಇವತ್ತು ಖಂಡಿತ ಹೋಗಿರ್ತಾನೆ ಅಂತ ಕೈ ಚಾಚಿ ತಡವ್ತೀನಿ. ಇರ್ತಾನೆ. ಸಾಯಂಕಾಲದವರೆಗೂ ಅಷ್ಟೇ ನನ್ನ ಸಂತೋಷ."

ಇಷ್ಟು ವರ್ಷ ಗೋಡೆಯ ಆಚೆ ಈಚೆ ಇದ್ದೂ ನನಗೆ ಇದು ತಿಳಿದಿರಲಿಲ್ಲ. ಆದರೆ ನಾನು ಅಳುವ ಜಾತಿಯವಳಲ್ಲ. "ಆಯ್ತವಾರಕ್ಕೆ ಇನ್ನೂ ಹೊತ್ತಿದೆ, ಕಚ್ಚಿಸೋಣ ಏಳು" ಅಂದೆ.

ನಾವು ಪಟ್ಟ ಪಾಡು ದೇವರಿಗೇ ಪ್ರೀತಿ. ಅಕ್ಕನ ಕೈಗೆ ಕೋಳಿ ಸಾರು ಸವರಿದೆವು. ಒಬ್ಬಟ್ಟು ಕೈಯನ್ನು ತೊಳೆದ ಹಾಗೆ ನೆಕ್ಕಿ, ಅಷ್ಟು ಸಾಲದೆಂದು ಮುಖವನ್ನೂ ನೆಕ್ಕಿತು. ಬಾಯಲ್ಲಿದ್ದ ಮೂಳೆ ಕಿತ್ತುಕೊಂಡೆವು. ತನ್ನ ಪಾಲು ಇಷ್ಟೇ ಇರಬೇಕು ಅಂದುಕೊಂಡು ಅದು ನನ್ನ ಮುಖ ನೋಡಿತು. ನಾನು ಬಾಲ ತುಳಿದೆ. ಅದು ಬಾಲ ಎಳೆದುಕೊಂಡು, ಜಾಗ ಸಾಲದಾಯಿತೇನೋ ಅಂತ ಪಕ್ಕಕ್ಕೆ ಸರಿದು ಮಲಗಿತು. ಅಕ್ಕ ಅದರ ಕಿವಿ ಹಿಂಡಿ, "ಕಚ್ಚೋ ನನ್ನಪ್ಪ, ಒಂದೇ ಒಂದು ಸಲ ಕಚ್ಚೋ" ಅಂತ ಮೊಣಕೈಯವರೆಗೂ ತೋಳನ್ನು ಆ ಬಾಯೊಳಗೆ ಇಟ್ಟಳು. ನನ್ನ ಜೀವ ಬಾಯಿಗೆ ಬಂತು, ಆ ದವಡೆ ಮುಚ್ಚಿದರೆ ಕೈ ಇಲ್ಲ. ಒಬ್ಬಟ್ಟು ಬಾಯಿ ತೆರೆದುಕೊಂಡೇ ಕೂತಿತ್ತು. ಜೊಲ್ಲು ಸೋರಿ ಸೋರಿ ನೆಲ ಒದ್ದೆಯಾಯಿತು. ಬಾಯಿ ನೋವು ಬಂದಿರಬೇಕು, ಕೊನೆಗೆ ಸಣ್ಣಗೆ ಕುಂಯ್‌ಗುಟ್ಟಿತು. ಅಕ್ಕನೇ ಸೋತು ಕೈ ತೆಗೆದಳು.

ನಾನು ಇಸ್ತ್ರಿ ಪೆಟ್ಟಿಗೆ ಕಡೆ ನೋಡಿದೆ. "ಅಕ್ಕ, ತುದೀಲಿ ಒಂಚೂರು ಮುಟ್ಟಿಸ್ತೀನಿ. ಎರಡು ಕಡೆ ಗುರುತು ಮಾಡಿದ್ರೆ ಹಲ್ಲೇ ಅಂತಾರೆ. ಊರಿನ ಗಾಯಗಳನ್ನೆಲ್ಲ ನೋಡಿರೋಳು ನಾನು, ನನ್ನ ಕೈಲಿ ಆಗುತ್ತೆ." ಅಕ್ಕನೂ ಪೆಟ್ಟಿಗೆಯನ್ನೇ ನೋಡಿದಳು. ಆಸೆಯಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ತೋಳು ಇಳಿಸಿ ಗುಂಡಿ ಹಾಕಿಕೊಂಡಳು. "ಬೇಡ. ಜನ ತಾವೇ ಏನೇನೋ ಅಂದ್ಕಂಡ್ರು, ನಾನು ಸುಮ್ನಿದ್ದೆ, ಅದೇ ತಪ್ಪು. ಈಗ ಅವನು ಮಾಡ್ದೇ ಇರೋದನ್ನ ಮಾಡಿದಾನೆ ಅಂತ ನಾನೇ ಅವನ ತಲೆಗೆ ಕಟ್ಲಾ? ಆ ಬಾಯಿಗೆ ಇರೋದು ಅದೊಂದೇ ಒಳ್ಳೇ ಹೆಸರು" ಅಂದಳು.

ಆಯ್ತವಾರ ಸಂತೆ ಮಾಳದಲ್ಲಿ ಜನ ಜಮಾಯಿಸಿದರು. ಅಧ್ಯಕ್ಷರು ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಮುದ್ದು, ಎದುರಿಗೆ ಬುಟ್ಟಿಯ ತುಂಬ ಚಕ್ಕೋತ ಇಟ್ಟುಕೊಂಡು ಕೂತಿದ್ದರು. ಇಟ್ಟಿಗೆ ಗೂಡಿನ ಗಾಡಿ ಪಕ್ಕದಲ್ಲೇ ನಿಂತಿತ್ತು. ಒಬ್ಬೊಬ್ಬರದೇ ನಾಯಿ ಬಂತು. ಬಾಯಿ ದೊಡ್ಡದಾಗಿ ತೆರೆಯದಿರಲಿ ಅಂತ ಒಬ್ಬರು ತಮ್ಮ ನಾಯಿಗೆ ಬೆಲ್ಲದ ಪಾಕ ತಿನ್ನಿಸಿ ತಂದಿದ್ದರು, ದವಡೆ ಅಂಟಿಕೊಂಡು ಪಾಪ ಅದು ಬೊಗಳಲೂ ಆಗದೆ ನಿಂತಿತ್ತು. ಈರಭದ್ರನ ರಾಜ ಹಣ್ಣನ್ನು ಬಾಯಿಗೆ ಹಿಡಿದು ಒಂದೇ ಅಗಿತಕ್ಕೆ ರಸ ಮಾಡಿತು. ಅವನು ಪಟ್ಟಿ ತೋರಿಸಿದ, ಪಾಸಾದ.

ಚೆನ್ನಾಜಕ್ಕನ ಸರದಿ ಬಂದಾಗ ಹಿಂದೆ ಇದ್ದವರೆಲ್ಲ ತುದಿಗಾಲಲ್ಲಿ ನಿಂತರು. ಒಬ್ಬಟ್ಟುವಿನ ಬಾಯಿಗೆ ಬುಟ್ಟಿಯಲ್ಲೇ ದೊಡ್ಡ ಹಣ್ಣು ಇಟ್ಟರು. ಸಲೀಸಾಗಿ ಹಿಡಿಯಿತು, ಇನ್ನೂ ಜಾಗ ಇತ್ತು. "ಗಾಯ ತೋರಿಸಮ್ಮ" ಅಂದರು ಅಧ್ಯಕ್ಷರು. ಅಕ್ಕ ಎರಡೂ ತೋಳುಗಳನ್ನು ಭುಜದವರೆಗೆ ಮಡಚಿ, ಎಲ್ಲರಿಗೂ ಕಾಣಲಿ ಅಂತ ಮುಂದಕ್ಕೆ ಚಾಚಿದಳು. "ಗಾಯ ಇಲ್ಲ ಸ್ವಾಮಿ. ಅವನು ಯಾವತ್ತೂ ಯಾರಿಗೂ ಕಚ್ಚಿಲ್ಲ" ಅಂದಳು.

ಜನ ಬಾಯಿ ಮೇಲೆ ಕೈ ಇಟ್ಟುಕೊಂಡರು. ಮೂಳೆ ಕಾಣುತ್ತದೆ ಅಂದಿದ್ದವರು ಪಕ್ಕದವರ ಮುಖ ನೋಡಿದರು. ಅಧ್ಯಕ್ಷರಿಗೂ ಇರುಸುಮುರುಸಾಯಿತು. ಆದರೂ ತಾವೇ ಆಡಿದ ಮಾತು. "ಹಾಗಾದ್ರೆ ಕಷ್ಟ ಚೆನ್ನಾಜಮ್ಮ. ಕಚ್ಚು ಬಾಕಿ ಇರೋ ನಾಯಿ. ಅಲ್ಲದೆ ಲೆಕ್ಕಕ್ಕೆ ನಿಮ್ಮದೂ ಅಲ್ಲ" ಅಂದರು. ನಿಮ್ಮದೂ ಅಲ್ಲ ಅಂದಾಗ ಅಕ್ಕ ಚಾಚಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದೆ.

"ಯಾರದೂ ಅಲ್ಲ ಅಂದ್ರೆ ನಂದಾಗ್ಲಿ ಸ್ವಾಮಿ! ರಾಜಂಗೆ ಜೋಡಿ ಆಯ್ತದೆ" ಅಂತ ಈರಭದ್ರ ನುಗ್ಗಿಬಂದ. ಹಿಂದಿನಿಂದ ಹೆಂಡತಿ, "ಅಯ್ಯೋ, ಇರೋದು ಒಂದೇ ಕೈ ಕಣ್ರೀ!" ಅಂತ ಕೂಗಿಕೊಂಡಳು. ಅವನು ಕೇಳಬೇಕಲ್ಲ. ಸರಿಯಿದ್ದ ಕೈಯನ್ನು ಒಬ್ಬಟ್ಟುವಿನ ಬಾಯಿಗೇ ಹಿಡಿದ. ಅಕ್ಕ ಕಣ್ಣು ಮುಚ್ಚಿಕೊಂಡಳು. ಈಗ ಆ ಬಾಯಿ ಮುಚ್ಚಿದರೆ ಅವನ ಕೈಯೂ ಹೋಯಿತು, ಅವಳ ನಾಯಿಯೂ ಹೋಯಿತು. ಒಬ್ಬಟ್ಟು ಅವನ ಕೈಯನ್ನು ಮೂಸಿತು. ಹಣ್ಣು ಕೇಳುತ್ತಿದ್ದಾನೆ ಅಂದುಕೊಂಡಿತೋ ಏನೋ, ಚಕ್ಕೋತವನ್ನು ಮೆಲ್ಲಗೆ ಅವನ ಅಂಗೈಯಲ್ಲಿ ಇಟ್ಟು, ಅಕ್ಕನ ಕಾಲ ಹತ್ತಿರ ಹೋಗಿ ಕೂತಿತು. ಅಧ್ಯಕ್ಷರು ಏನಾಯಿತೆಂದು ನೋಡಲು ಬಗ್ಗಿದರು. ಅದೇ ಹೊತ್ತಿಗೆ ಮಡಿಲಿನಿಂದ ಮುದ್ದು ಹಾರಿ, ಹಣ್ಣು ಹಿಡಿದಿದ್ದ ಈರಭದ್ರನ ಕೈಗೆ ಕಚಕ್ಕೆಂದು ಹಲ್ಲು ಊರಿತು.

"ಮುದ್ದೂ!" ಅಂದರು ಅಧ್ಯಕ್ಷರು. ಮುದ್ದು ಆಗಲೇ ಈರಭದ್ರನ ಕಾಲು ಸುತ್ತುತ್ತಿತ್ತು. "ಮುದ್ದೂ, ಬಾರೋ ಕಂದ" ಅಂತ ಮತ್ತೆ ಕರೆದರು. ಅದು ತಿರುಗಿಯೂ ನೋಡಲಿಲ್ಲ. ನಮ್ಮ ಊರಲ್ಲಿ ದಿನಾ ನಡೆಯುವುದೇ, ಆದರೆ ಅವತ್ತು ಅವರ ಖಾಲಿ ಮಡಿಲು ನೋಡಿ ಯಾರಿಗೂ ನಗು ಬರಲಿಲ್ಲ. ನನ್ನ ಕೈಯಲ್ಲಿ ಹೊಲಿಸಿಕೊಂಡ ಕಿಟಕಿಗಳ ಮೇಲೆ ಕೈಯಾಡಿಸುತ್ತ ಅವರು ಹಾಗೆಯೇ ನಿಂತಿದ್ದರು.

ಗಾಡಿಯವನು ಯಾರ ಅಪ್ಪಣೆಗೂ ಕಾಯದೆ ಒಬ್ಬಟ್ಟುವಿನ ಕೊರಳಿಗೆ ಹಗ್ಗ ಹಾಕಿ ಹತ್ತಿಸಿಕೊಂಡ. ಅಕ್ಕನೇ "ಹೋಗು ಮಗ" ಅಂದಳು, ಅದಕ್ಕೇ ಅದು ಹತ್ತಿತು. ಗಾಡಿ ಸಂತೆ ಮಾಳ ದಾಟಿತು, ಸೇತುವೆಯ ಕಡೆ ತಿರುಗಿತು. ಆಗ ನಾವೆಲ್ಲ ಒಂದು ವಿಚಿತ್ರ ನೋಡಿದೆವು. ಒಬ್ಬಟ್ಟು ಹಿಂದಕ್ಕೆ ತಿರುಗಿ ಅಕ್ಕನನ್ನೇ ನೋಡುತ್ತಿತ್ತು. ಗಾಡಿ ಕಣ್ಮರೆಯಾಗುವವರೆಗೂ ನೋಡುತ್ತಲೇ ಇತ್ತು. ನಾಯಿಗೆ ಕತ್ತು ಹಾಗೂ ತಿರುಗುತ್ತದೆ ಅನ್ನುವುದೇ ನಮಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಅಕ್ಕ ತೋಳು ಇಳಿಸಿಕೊಂಡು ಮನೆಗೆ ಹೋದಳು. ನಾನು ಹಿಂದೆ ಹೋದರೆ, "ನೀನು ಹೋಗು ಪದ್ದಿ, ಉಣ್ಣು" ಅಂತ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಗಿರಣಿ ತೆರೆಯಿತು. ಹೊಟ್ಟೆಪಾಡು ಕೇಳುತ್ತದೆಯೇ? ಮೋಟರು ಓಡುತ್ತಿತ್ತು, ಸಾಲಿನಲ್ಲಿ ನಿಂತವರು ಅಕ್ಕನ ಮುಖ ನೋಡಲಾರದೆ ಡಬ್ಬಿಗಳನ್ನು ನೋಡುತ್ತಿದ್ದರು. ಇಟ್ಟಿಗೆ ಗೂಡಿನಲ್ಲಿ ದಿನಾ ಮಾಂಸ ಬೇಯಿಸುತ್ತಾರೆ, ಕಚ್ಚಿ ಕಟ್ಟುಬೀಳದ ನಾಯಿ ಅನ್ನ ಕಂಡ ಕಡೆ ನಿಲ್ಲುತ್ತದೆ, ಇನ್ನು ಬಂದ ಹಾಗೇ ಅಂತ ಪಿಸುಗುಟ್ಟುತ್ತಿದ್ದರು. ಬಿಸಿಲು ಏರಿತ್ತು. ಬೀದಿಯ ತುದಿಯಲ್ಲಿ ಸದ್ದು ನಿಂತು ಹೋದಂತಾಯಿತು. ಮಿಷನ್ ನಿಲ್ಲಿಸಿ ಹೊರಗೆ ಬಂದು ನೋಡುತ್ತೇನೆ, ಒಬ್ಬಟ್ಟು ಬರುತ್ತಿದೆ. ಮೈಯೆಲ್ಲ ಹೊಳೆಯ ನೀರು, ಕೊರಳಲ್ಲಿ ಅರ್ಧ ಹಗ್ಗ. ಕಸಾಯಿ ಅಂಗಡಿಯನ್ನು ದಾಟಿತು, ಒಳಗೆ ತೂಗುತ್ತಿದ್ದುದನ್ನು ನೋಡಲೂ ಇಲ್ಲ. ಸೈಕಲ್ ಶಾಪಿನ ಮುಂದೆ ಈರಭದ್ರ ಆಸೆಯಿಂದ ಕೈ ನೀಡಿದ, ಅವನ ಕೈಯನ್ನೂ ಬಳಸಿಕೊಂಡು ಬಂತು. ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. ಅದು ಗಿರಣಿಯೊಳಗೆ ಹೋಗಿ, ಹಿಟ್ಟು ಬೀಳುವ ತನ್ನ ಹಳೆಯ ಜಾಗದಲ್ಲಿ ಕಾಲು ಚಾಚಿ ಮಲಗಿತು. ಒದ್ದೆ ಮೈಗೆ ಹಿಟ್ಟು ಕೂತು ಅರೆಗಳಿಗೆಯಲ್ಲಿ ಮರಿಯಾಗಿದ್ದಾಗಿನ ಹಾಗೇ ಬೆಳ್ಳಗಾಯಿತು.

ಅಕ್ಕ ಮೋಟರು ನಿಲ್ಲಿಸಿದಳು. ಕೂರಲಿಲ್ಲ, ಅಳಲಿಲ್ಲ, ಸುಮ್ಮನೆ ಬೆಲ್ಟು ಹಿಡಿದುಕೊಂಡು ನಿಂತಿದ್ದಳು. ಅಳು ಬಂದದ್ದು ನನಗೆ, ಗೊಳೋ ಅಂತ.

ಸುದ್ದಿ ತಿಳಿದು ಅಧ್ಯಕ್ಷರು ಬಂದರು. ಈಗ ಏನನ್ನುತ್ತಾರೋ ಅಂತ ಎಲ್ಲರೂ ಕಾದೆವು. ಅವರು ನಾಯಿಯನ್ನು ನೋಡಿದರು, ಅಕ್ಕನನ್ನು ನೋಡಿದರು.

"ಅಲ್ಲಿ ಹೋಗಿ ಬಂದಮೇಲಾದ್ರೂ ಕಚ್ಚಿತೇನಮ್ಮ?"

"ಇಲ್ಲ ಸ್ವಾಮಿ."

"ಮತ್ತೆ ಯಾಕೆ ಬಂತು?"

"ನಂಗೇನ್ ಗೊತ್ತು. ಅವನನ್ನೇ ಕೇಳಿ" ಅಂದಳು ಅಕ್ಕ.

ಅಧ್ಯಕ್ಷರು ರಾಗಿ ಮೂಟೆಯ ಮೇಲೆ ಕೂತರು. ಆಮೇಲೆ, "ನಮ್ಮ ಮುದ್ದು ಒಂದ್ಸಲ ತಿರುಗಿ ಕೂಡ ನೋಡ್ಲಿಲ್ಲ ಕಣಮ್ಮ. ಎಷ್ಟು ಸಲ ಕೈ ಕೊಟ್ಟಿದೀನಿ" ಅಂದರು. ದೊಡ್ಡ ಮನುಷ್ಯರು ಸಾಲಿನ ಮುಂದೆ ಹಾಗೆ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅಕ್ಕ ಒಂದು ಚೆಂಬು ನೀರು ತಂದುಕೊಟ್ಟಳು. ಕುಡಿದು ಎದ್ದವರು ಒಬ್ಬಟ್ಟುವಿನ ಬಾಯಿಯಿಂದ ಒಂದು ಮಾರು ದೂರವೇ ನಿಂತು, "ದೊಡ್ಡ ಬಾಯಿ ದೊಡ್ಡ ಬಾಯಿಯೇ ಚೆನ್ನಾಜಮ್ಮ, ಮಕ್ಕಳು ಮರಿ ಇರೋ ಬೀದಿ, ಹಗ್ಗ ಕಟ್ಟಿಕೊಂಡೇ ಓಡಾಡಿಸಿ" ಅಂದರು. "ಗಾಡಿಯವನಿಗೆ ನಾನು ಹೇಳ್ತೀನಿ, ಮತ್ತೆ ಬರೋದು ಬೇಡ ಅಂತ." ಅಕ್ಕ ತಲೆಯಾಡಿಸಿ ಮೋಟರು ಹಾಕಿದಳು.

ಆಮೇಲೆ ನನ್ನ ಅಂಗಡಿಗೆ ಒಂದು ಹೊಸ ಥರದ ಕೆಲಸ ಬರತೊಡಗಿತು. ಕಿಟಕಿ ಮುಚ್ಚಿ ಹೊಲಿದುಕೊಡು ಅಂತ ಕೆಲವರು ಅಂಗಿಗಳನ್ನು ತಂದರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಹಿಮ್ಮಡಿಗೆ ಕಚ್ಚಿದ್ದು ಹೊಸ್ತಿಲ ಮೇಲೆ ಮಲಗಿರುತ್ತದೆ. ಕಚ್ಚದೇ ಇದ್ದಿದ್ದರೆ ಇರುತ್ತಿದ್ದೆಯೇನೋ ಅಂತ ಒಂದು ದಿನ ಕೇಳಿದೆ. ಕಿವಿ ಕೆರೆದುಕೊಂಡು ಮತ್ತೆ ಮಲಗಿತು, ಕಳ್ಳಮುಂಡೇದು.

ಚೆನ್ನಾಜಕ್ಕ ಒಂದು ಸಂಜೆ ಹೂವಿನ ಬಣ್ಣದ ರವಿಕೆ ಬಟ್ಟೆ ಹಿಡಿದು ಬಂದಳು. ಜೊತೆಗೆ ಹಗ್ಗದ ತುದಿಯಲ್ಲಿ ಒಬ್ಬಟ್ಟು. ಹಗ್ಗ ಹಿಡಿದದ್ದು ಅವಳೋ ಅದೋ ಹೇಳುವುದು ಕಷ್ಟ. "ಅಳತೆ ತಗೋ" ಅಂತ ತೋಳು ಮಡಚಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಟೇಪು ಅವಳ ಬರೀ ಕೈಯನ್ನು ಮುಟ್ಟಿತು.

"ತೋಳು ಎಷ್ಟು ಮೇಲಕ್ಕೆ ಇಡಲಿ ಅಕ್ಕ?"

"ಎಷ್ಟು ಮೇಲಕ್ಕೆ ಆಯ್ತದೋ ಅಷ್ಟು ಇಡು. ಏನೂ ಇಲ್ಲ ಅನ್ನೋದು ಊರಿಗೆಲ್ಲ ಚೆನ್ನಾಗಿ ಕಾಣ್ಬೇಕು" ಅಂದಳು.